ಹೌದು, ಇಲ್ಲ, ಬೇಕಾದಾಗ: ಕರ್ನೆಲ್ ಸಂರಚನೆಯ ಇತಿಹಾಸ

ಶ್ರೀಹರಿಕೋಟಾದಿಂದ 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹವನ್ನು ಹಾರಿಸಲಾಯಿತು. ಶಿಕ್ಷಣಕ್ಕೆಂದೇ ನಮ್ಮ ದೇಶ ರೂಪಿಸಿದ ಮೊದಲ ಉಪಗ್ರಹ ಅದು. ಅದರ ಮೂಲಕ ಪ್ರಾಥಮಿಕ ಶಾಲೆಗಳಿಗೆ ಪಾಠ ತಲುಪಿಸುವ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. ಜಿಲ್ಲೆಯ 800ಕ್ಕೂ ಹೆಚ್ಚು ಶಾಲೆಗಳು ಈ ಜಾಲಕ್ಕೆ ಸೇರಿದವು. 2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು. ಇಂಥ ಯೋಜನೆಯಲ್ಲಿ ಒಂದು ಅನುಕೂಲವಿದೆ. ಎಲ್ಲ ಶಾಲೆಗಳಿಗೂ ಒಂದೇ ಯೋಜನೆಯಡಿ ಉಪಕರಣ ಬರುವುದರಿಂದ, ಒಂದು ಕಡೆ ಕಲಿತ ಜೋಡಣೆ ಮತ್ತೊಂದು ಕಡೆಗೂ ಸಲ್ಲುತ್ತದೆ.

ಗಣಕಯಂತ್ರಗಳ ವಿಷಯ ಹಾಗಲ್ಲ. ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಒಂದು ಶಾಲೆಯ ಗಣಕ ಪ್ರಯೋಗಾಲಯವನ್ನು ಊಹಿಸಿಕೊಳ್ಳಿ. ಎರಡು ಯಂತ್ರ ಸರ್ಕಾರದ ಒಂದು ಯೋಜನೆಯಲ್ಲಿ ಬಂದಿರುತ್ತವೆ, ನಾಲ್ಕು ಮತ್ತೊಂದು ಯೋಜನೆಯಲ್ಲಿ. ಒಂದನ್ನು ಹಳೆಯ ವಿದ್ಯಾರ್ಥಿಗಳು ಕೊಟ್ಟಿರುತ್ತಾರೆ. ಒಂದರ ಜಾಲ ಕಾರ್ಡು ಒಂದು ಕಂಪನಿಯದು, ಇನ್ನೊಂದರದು ಬೇರೆ. ಧ್ವನಿಯ ಚಿಪ್ಪು, ಚಿತ್ರದ ಚಿಪ್ಪು, ಪ್ರಿಂಟರು ಎಲ್ಲವೂ ಬೇರೆ ಬೇರೆ. ಆದರೂ ಶಿಕ್ಷಕರು ಒಂದೇ ಲಿನಕ್ಸ್ ಡಿ.ವಿ.ಡಿ. ಅಥವಾ ಪೆನ್‌ಡ್ರೈವ್ ತಂದು ಹಾಕಿದರೆ ಹೆಚ್ಚಿನ ಯಂತ್ರಗಳಲ್ಲಿ ಅದು ನಡೆಯುತ್ತದೆ. ಇದು ಹೇಗೆ ಸಾಧ್ಯ?

ಇದಕ್ಕೆ ಉತ್ತರ ಕರ್ನೆಲ್‌ನ ಸಂರಚನಾ ವ್ಯವಸ್ಥೆಯಲ್ಲಿದೆ. ಯಾವುದೋ ಒಂದು ಹೊಸ ಶೋಧದಿಂದ ಒಂದೇ ದಿನಕ್ಕೆ ದೊರೆತ ಉತ್ತರವಲ್ಲ ಇದು. ಸುಮಾರು ಹನ್ನೆರಡು ವರ್ಷಗಳ ಪ್ರಯತ್ನ, ಜಗಳ, ತಿದ್ದುಪಡಿಗಳ ನಂತರ ಈ ವ್ಯವಸ್ಥೆ ಈಗಿನ ರೂಪಕ್ಕೆ ಬಂತು. ಆ ಇತಿಹಾಸವನ್ನು ತಿಳಿದವರಿಗೆ ಇನ್ನೊಂದು ಲಾಭವೂ ಇದೆ. ಯಂತ್ರ ಹಳೆಯದಾಯಿತು, ಇನ್ನು ಗುಜರಿಗೆ ಹಾಕಿ ಎಂದು ಯಾರಾದರೂ ಹೇಳಿದಾಗ, ಅದು ನಿಜವಾಗಿ ಕೆಟ್ಟಿದೆಯೋ ಅಥವಾ ಎಲ್ಲೋ ಯಾರೋ ಒಂದು ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರಿಸಿದ್ದಾರೆಯೋ ಎಂದು ಅವರು ಕೇಳಬಲ್ಲರು.

ಕರ್ನೆಲ್ ಮತ್ತು ಅದರ ಕೆಲಸ

ಗಣಕದಲ್ಲಿ ನಾವು ಬಳಸುವ ಪದಸಂಸ್ಕಾರಕ, ಜಾಲಶೋಧಕ ಮೊದಲಾದ ತಂತ್ರಾಂಶಗಳು ಯಂತ್ರಾಂಶದೊಂದಿಗೆ ನೇರವಾಗಿ ವ್ಯವಹರಿಸುವುದಿಲ್ಲ. ನಡುವೆ ಕಾರ್ಯಾಚರಣ ವ್ಯವಸ್ಥೆ ಇರುತ್ತದೆ. ಅದರ ತಿರುಳೇ ಕರ್ನೆಲ್. ಯಾವ ಪ್ರೋಗ್ರಾಂಗೆ ಎಷ್ಟು ಮೆಮೊರಿ, ಯಾರಿಗೆ ಎಷ್ಟು ಹೊತ್ತು ಸಂಸ್ಕಾರಕ, ಡಿಸ್ಕಿನ ಯಾವ ಭಾಗದಲ್ಲಿ ಯಾವ ಕಡತ ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಪ್ರತಿಯೊಂದು ಬಗೆಯ ಯಂತ್ರಾಂಶದೊಂದಿಗೆ ಮಾತನಾಡಲು ಕರ್ನೆಲ್‌ಗೆ ಒಂದೊಂದು ಡ್ರೈವರ್, ಅಂದರೆ ಚಾಲಕ ತಂತ್ರಾಂಶ ಬೇಕು.

ಕರ್ನೆಲ್ ಅನ್ನು ಸಿ ಭಾಷೆಯಲ್ಲಿ ಬರೆದಿರುತ್ತಾರೆ. ಹಾಗೆ ಬರೆದ ಆಕರ ಸಂಕೇತವನ್ನು ಕಂಪೈಲರ್ ಮೂಲಕ ಯಂತ್ರಭಾಷೆಗೆ ತಿರುಗಿಸಬೇಕು. ಸಾವಿರಾರು ಕಡತಗಳಲ್ಲಿ ಯಾವುದನ್ನು ತಿರುಗಿಸಬೇಕು, ಯಾವುದು ಬೇಡ, ಯಾವುದು ಬದಲಾಗಿದೆ ಎಂದು ಲೆಕ್ಕವಿಡಲು ‘ಮೇಕ್’ ಎಂಬ ಸಾಧನ ಇದೆ. ಇದನ್ನು 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದರು. ಯಾವ ಭಾಗಗಳು ಬೇಕು ಎಂದು ಆರಿಸುವುದು ಸಂರಚನೆ. ಆರಿಸಿದ್ದನ್ನು ಸರಿಯಾದ ಕ್ರಮದಲ್ಲಿ ಕಂಪೈಲ್ ಮಾಡಿ ಜೋಡಿಸುವುದು ನಿರ್ಮಾಣ. ಮದುವೆಮನೆಯ ಅಡುಗೆಗೆ ಹೋಲಿಸಿದರೆ, ಸಾಮಾನಿನ ಪಟ್ಟಿ ಬರೆಯುವುದು ಮೊದಲನೆಯದು, ಒಲೆ ಹೊತ್ತಿಸಿ ಬೇಯಿಸುವುದು ಎರಡನೆಯದು. ಪಟ್ಟಿ ತಪ್ಪಿದರೆ ಎಂಥ ಅಡುಗೆಭಟ್ಟರಿದ್ದರೂ ಊಟ ಕೆಡುತ್ತದೆ.

ಕೈಯಿಂದ ತಿದ್ದುವ ಕಾಲ

ಲಿನಕ್ಸ್‌ಗೆ ಮೊದಲೇ ಈ ಸಮಸ್ಯೆ ಇತ್ತು. ಬರ್ಕ್‌ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನಲ್ಲಿ ಯಂತ್ರದಲ್ಲಿರುವ ಸಾಧನಗಳ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದು ‘ಕಾನ್ಫಿಗ್’ ಎಂಬ ಪ್ರೋಗ್ರಾಂಗೆ ಕೊಡುತ್ತಿದ್ದರು. ಅದು ಆ ಯಂತ್ರಕ್ಕೆ ತಕ್ಕ ನಿರ್ಮಾಣ ಕಡತಗಳನ್ನು ತಯಾರಿಸುತ್ತಿತ್ತು. ಹೊಸ ಸಾಧನ ಬಂದರೆ ಪಟ್ಟಿ ತಿದ್ದಿ, ಕರ್ನೆಲ್ ಅನ್ನು ಮತ್ತೆ ಕಟ್ಟಿ, ಯಂತ್ರವನ್ನು ಮತ್ತೆ ಚಾಲೂ ಮಾಡಬೇಕಿತ್ತು. ವಿಶ್ವವಿದ್ಯಾಲಯಕ್ಕೆ ಒಂದೋ ಎರಡೋ ದೊಡ್ಡ ಯಂತ್ರ ಇದ್ದ ಕಾಲದಲ್ಲಿ ಇದು ನಡೆಯುತ್ತಿತ್ತು.

1991ರ ಸೆಪ್ಟೆಂಬರಿನಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಕರ್ನೆಲ್‌ನ 0.01 ಆವೃತ್ತಿಯನ್ನು ಹೊರಬಿಟ್ಟರು. ಅದು ಸುಮಾರು 10,000 ಸಾಲುಗಳ ಸಣ್ಣ ತಂತ್ರಾಂಶ. ಅದರಲ್ಲಿ ಸಂರಚನೆ ಎಂದರೆ ಒಂದು ಶೀರ್ಷಿಕೆ ಕಡತ, ಅಷ್ಟೇ. ಲಿನಸ್ ಅವರ ಯಂತ್ರದ ಹಾರ್ಡ್ ಡಿಸ್ಕಿಗೆ ಒಂದು ಹೆಸರು, ಇನ್ನೊಂದು ಯಂತ್ರದ ಡಿಸ್ಕಿಗೆ ಮತ್ತೊಂದು ಹೆಸರು ಅದರಲ್ಲಿತ್ತು. ನಿಮ್ಮದು ಬೇರೆಯಾದರೆ ಆ ಸಾಲುಗಳನ್ನು ನೀವೇ ತಿದ್ದಿ ಕಂಪೈಲ್ ಮಾಡಿಕೊಳ್ಳಬೇಕು. ಕೀಲಿಮಣೆ ಕೂಡ ಫಿನ್ನಿಶ್ ಭಾಷೆಯದು! ಬೇರೆ ದೇಶದವರು ಅದನ್ನೂ ತಿದ್ದಿಕೊಳ್ಳಬೇಕಿತ್ತು.

ಎರಡು ಯಂತ್ರಗಳಿಗೆ ಈ ವಿಧಾನ ಸಾಕು. ಆದರೆ ಆಕರ ಸಂಕೇತ ಎಲ್ಲರಿಗೂ ಮುಕ್ತವಾಗಿದ್ದುದರಿಂದ ಜಗತ್ತಿನ ನಾನಾ ಕಡೆಯ ಜನ ತಮ್ಮ ತಮ್ಮ ಯಂತ್ರಕ್ಕೆ ಬೇಕಾದ ಡ್ರೈವರ್ ಬರೆದು ಕಳುಹಿಸತೊಡಗಿದರು. 1992ರಲ್ಲಿ ಕರ್ನೆಲ್ ಜಿ.ಪಿ.ಎಲ್. ಪರವಾನಗಿಗೆ ಬಂದ ಮೇಲೆ ಈ ಹರಿವು ಹೆಚ್ಚಿತು. ಇನ್ನು ಕೈಯಿಂದ ತಿದ್ದಿ ಪೂರೈಸುವಂತಿರಲಿಲ್ಲ.

ಪ್ರಶ್ನಾವಳಿಯ ಕಾಲ

ಮುಂದಿನ ಹಂತದಲ್ಲಿ ‘ಮೇಕ್ ಕಾನ್ಫಿಗ್’ ಎಂಬ ಆದೇಶ ಬಂತು. ಇದನ್ನು ಟೈಪಿಸಿದರೆ ಒಂದು ಶೆಲ್ ಸ್ಕ್ರಿಪ್ಟ್ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಿತ್ತು. ನಿಮ್ಮಲ್ಲಿ ಸಿ.ಡಿ. ಡ್ರೈವ್ ಇದೆಯೇ? ಜಾಲ ಸಂಪರ್ಕ ಬೇಕೇ? ಉತ್ತರ ‘ವೈ’ ಅಥವಾ ‘ಎನ್’, ಅಂದರೆ ಹೌದು ಅಥವಾ ಇಲ್ಲ. ಉತ್ತರಗಳು ‘ಡಾಟ್ ಕಾನ್ಫಿಗ್’ ಎಂಬ ಕಡತದಲ್ಲಿ ಸೇರುತ್ತಿದ್ದವು. ಆ ಕಡತದ ಹೆಸರು ಇಂದಿಗೂ ಅದೇ.

ಪ್ರಶ್ನಾವಳಿಯ ತೊಂದರೆ ಏನೆಂದರೆ, ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ನೂರನೆಯ ಪ್ರಶ್ನೆಯಲ್ಲಿ ತಪ್ಪಿದರೆ ಮತ್ತೆ ಒಂದರಿಂದ ಶುರು. ಹೀಗಾಗಿ 1990ರ ದಶಕದ ನಡುವಿನಲ್ಲಿ ಪಟ್ಟಿಯ ರೂಪದ ‘ಮೆನುಕಾನ್ಫಿಗ್’ ಮತ್ತು ಕಿಟಕಿಗಳ ರೂಪದ ‘ಎಕ್ಸ್‌ಕಾನ್ಫಿಗ್’ ಸೇರಿದವು. ಬೇಕಾದ ವಿಭಾಗಕ್ಕೆ ಹೋಗಿ ಬೇಕಾದ್ದನ್ನು ಆರಿಸುವ ಅನುಕೂಲ ದೊರೆಯಿತು.

ಮೂರನೆಯ ಉತ್ತರ

1995ರ ಮಾರ್ಚಿನಲ್ಲಿ ಬಂದ 1.2 ಆವೃತ್ತಿಯ ಹೊತ್ತಿಗೆ ಇದಕ್ಕಿಂತ ಮುಖ್ಯವಾದ ಸೌಲಭ್ಯವೊಂದು ಲಿನಕ್ಸ್‌ನಲ್ಲಿ ನೆಲೆಗೊಂಡಿತ್ತು. ಅದೇ ಮಾಡ್ಯೂಲ್. ಕರ್ನೆಲ್‌ನ ಒಂದು ಭಾಗವನ್ನು ಬೇರೆಯಾಗಿ ಕಂಪೈಲ್ ಮಾಡಿ ಡಿಸ್ಕಿನಲ್ಲಿಟ್ಟು, ಕರ್ನೆಲ್ ಓಡುತ್ತಿರುವಾಗಲೇ ಅದನ್ನು ಒಳಗೆ ಸೇರಿಸುವ, ಬೇಡವಾದಾಗ ಹೊರತೆಗೆಯುವ ವಿಧಾನ ಇದು. ಯಂತ್ರವನ್ನು ನಿಲ್ಲಿಸಬೇಕಾಗಿಲ್ಲ.

ಇದರಿಂದ ಪ್ರಶ್ನೆಗೆ ಮೂರನೆಯ ಉತ್ತರ ಹುಟ್ಟಿತು. ಮೈಸೂರಿನಿಂದ ಬಂದ ರಸ್ತೆ ಗುಂಡ್ಲುಪೇಟೆಯಲ್ಲಿ ಬಂಡೀಪುರ-ಊಟಿಯ ಕಡೆಗೆ, ಸುಲ್ತಾನ್ ಬತ್ತೇರಿಯ ಕಡೆಗೆ, ಚಾಮರಾಜನಗರದ ಕಡೆಗೆ ಕವಲಾಗುವ ಹಾಗೆ ಇಲ್ಲಿಯೂ ಮೂರು ದಾರಿ. ‘ವೈ’ ಎಂದರೆ ಆ ಭಾಗ ಕರ್ನೆಲ್‌ನ ಒಡಲಲ್ಲೇ ಸೇರುತ್ತದೆ, ಯಾವಾಗಲೂ ಮೆಮೊರಿಯಲ್ಲಿರುತ್ತದೆ. ‘ಎನ್’ ಎಂದರೆ ಕಂಪೈಲ್ ಆಗುವುದೇ ಇಲ್ಲ. ‘ಎಂ’ ಎಂದರೆ ಮಾಡ್ಯೂಲ್: ಡಿಸ್ಕಿನಲ್ಲಿ ಸಿದ್ಧವಾಗಿರುತ್ತದೆ, ಬೇಕಾದಾಗ ಮೆಮೊರಿಗೆ ಬರುತ್ತದೆ.

‘ಬೇಕಾದಾಗ’ ಎಂಬುದನ್ನು ಯಾರು ತಿಳಿಯಬೇಕು? 1996ರ 2.0 ಆವೃತ್ತಿಯಲ್ಲಿ ಇದಕ್ಕಾಗಿ ‘ಕರ್ನೆಲ್ಡ್’ ಎಂಬ ಹಿನ್ನೆಲೆ ಪ್ರೋಗ್ರಾಂ ಇತ್ತು. 1999ರ 2.2 ಆವೃತ್ತಿಯಲ್ಲಿ ಅದರ ಜಾಗಕ್ಕೆ ಸರಳವಾದ ‘ಕೆಮಾಡ್’ ಬಂತು. ಒಂದು ಮಾಡ್ಯೂಲ್‌ಗೆ ಇನ್ನೊಂದು ಮಾಡ್ಯೂಲ್ ಬೇಕಾಗಿದ್ದರೆ ಆ ಅವಲಂಬನೆಯನ್ನು ‘ಡೆಪ್‌ಮಾಡ್’ ಮೊದಲೇ ಲೆಕ್ಕ ಹಾಕಿಡುತ್ತದೆ. ‘ಮಾಡ್‌ಪ್ರೋಬ್’ ಅದನ್ನು ನೋಡಿ ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಒಳಗೆ ತರುತ್ತದೆ.

ಆರಂಭದ ನಮ್ಮ ಪ್ರಶ್ನೆಗೆ ಉತ್ತರ ಈಗ ಸಿಕ್ಕಿತು. ಡಿ.ವಿ.ಡಿ.ಯಲ್ಲಿ ಲಿನಕ್ಸ್ ಹಂಚುವವರು ಸಾವಿರಾರು ಡ್ರೈವರ್‌ಗಳಿಗೆ ‘ಎಂ’ ಎಂದು ಉತ್ತರಿಸಿರುತ್ತಾರೆ. ಯಂತ್ರ ಚಾಲೂ ಆದಾಗ ಕರ್ನೆಲ್ ತನ್ನ ಸುತ್ತ ಏನಿದೆ ಎಂದು ನೋಡುತ್ತದೆ. ಸಿಕ್ಕ ಸಾಧನಗಳ ಗುರುತಿಗೆ ಹೊಂದುವ ಕೆಲವೇ ಮಾಡ್ಯೂಲ್‌ಗಳು ಮೆಮೊರಿಗೆ ಬರುತ್ತವೆ. ಉಳಿದವು ಡಿಸ್ಕಿನಲ್ಲೇ ಮಲಗಿರುತ್ತವೆ.

‘ಇಲ್ಲ’ ಎನ್ನುವುದರ ಬೆಲೆ

ಡಿಸ್ಕೇ ಇಲ್ಲದ ಯಂತ್ರದಲ್ಲಿ ಹೀಗೆ ಮಲಗಿಸಿಡುವುದೂ ದುಬಾರಿ. ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಈ ಅಂಗೈಗಣಕದ ಮಾದರಿ 2001ರ ಏಪ್ರಿಲ್‌ನಲ್ಲಿ ಹೊರಬಂತು. ಹಳ್ಳಿಯ ಜನರೂ ಬಳಸಬಲ್ಲ ಅಗ್ಗದ ಗಣಕ ಅದರ ಗುರಿ. ಅದರಲ್ಲಿ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, ಕೆಲವೇ ಹತ್ತು ಮೆಗಾಬೈಟ್ ಮೆಮೊರಿ ಇದ್ದವು. ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್.

ಮೇಜಿನ ಗಣಕದ ಲಿನಕ್ಸ್ ಅನ್ನು ಇದ್ದಂತೆ ಎತ್ತಿ ಇಂಥ ಯಂತ್ರದಲ್ಲಿ ಇಡಲಾಗದು. ಹಾರ್ಡ್ ಡಿಸ್ಕ್ ಇಲ್ಲದ ಮೇಲೆ ಅದರ ಡ್ರೈವರ್ ಏಕೆ? ಸ್ಪರ್ಶಪರದೆ, ಸ್ಮಾರ್ಟ್ ಕಾರ್ಡ್, ಫ್ಲಾಶ್ ಮೆಮೊರಿಗಳಿಗೆ ‘ಹೌದು’ ಎನ್ನಬೇಕು, ಉಳಿದ ನೂರಾರು ಪ್ರಶ್ನೆಗಳಿಗೆ ‘ಇಲ್ಲ’ ಎನ್ನಬೇಕು. ಕಂಪೈಲ್ ಮಾಡುವುದೂ ಆ ಸಣ್ಣ ಯಂತ್ರದಲ್ಲಲ್ಲ, ಬೇರೊಂದು ದೊಡ್ಡ ಗಣಕದಲ್ಲಿ. ಇದಕ್ಕೆ ಅಡ್ಡ ಕಂಪೈಲರ್ ಬೇಕು. ಒಂದೇ ಆಕರ ಸಂಕೇತ ಅಂಗೈಗಣಕಕ್ಕೂ ದೊಡ್ಡ ಸರ್ವರಿಗೂ ಸಲ್ಲಬೇಕಾದರೆ ಸಂರಚನೆಯ ವ್ಯವಸ್ಥೆ ಎಷ್ಟು ನಂಬಿಕೆಗೆ ಅರ್ಹವಾಗಿರಬೇಕು ಎಂಬುದನ್ನು ಇಂಥ ಯಂತ್ರಗಳು ತೋರಿಸಿದವು. ಆ ಹೊತ್ತಿಗೆ ಆ ವ್ಯವಸ್ಥೆಯಲ್ಲೇ ಬಿರುಕು ಕಾಣಿಸಿತ್ತು.

2000ದಿಂದ 2002: ಒಂದು ದೊಡ್ಡ ವಾದ

ಆಗಿನ ವ್ಯವಸ್ಥೆಯಲ್ಲಿ ಪ್ರಶ್ನೆಗಳನ್ನು ಬರೆಯುವ ಒಂದು ಸಣ್ಣ ಭಾಷೆ ಇತ್ತು. ಆದರೆ ಅದನ್ನು ಓದುವ ಪ್ರೋಗ್ರಾಂ ಮೂರು. ಕಾನ್ಫಿಗ್‌ಗೆ ಒಂದು, ಮೆನುಕಾನ್ಫಿಗ್‌ಗೆ ಇನ್ನೊಂದು, ಎಕ್ಸ್‌ಕಾನ್ಫಿಗ್‌ಗೆ ಮತ್ತೊಂದು. ಮೂವರು ಪರೀಕ್ಷಕರು ಒಂದೇ ಉತ್ತರಪತ್ರಿಕೆಗೆ ಬೇರೆ ಬೇರೆ ಅಂಕ ಕೊಟ್ಟಂತೆ, ಒಂದೇ ಪ್ರಶ್ನೆಯನ್ನು ಇವು ಒಮ್ಮೊಮ್ಮೆ ಬೇರೆ ಬೇರೆಯಾಗಿ ಅರ್ಥೈಸುತ್ತಿದ್ದವು. ಅವಲಂಬನೆಗಳ ಪರೀಕ್ಷೆಯೂ ದುರ್ಬಲ. ‘ಅ’ಕ್ಕೆ ‘ಬ’ ಬೇಕು, ಆದರೆ ‘ಬ’ಕ್ಕೆ ‘ಇಲ್ಲ’ ಎಂದಿದ್ದೀರಿ ಎಂಬುದು ಅರ್ಧ ಗಂಟೆ ಕಂಪೈಲ್ ಆದ ಮೇಲೆ ತಿಳಿಯುವುದೂ ಇತ್ತು.

ಅಮೆರಿಕದ ಎರಿಕ್ ರೇಮಂಡ್ 2000ದಲ್ಲಿ ಇದಕ್ಕೆ ಬದಲಿಯಾಗಿ ‘ಸಿ.ಎಂ.ಎಲ್. 2’ ಎಂಬ ಹೊಸ ಭಾಷೆಯನ್ನು ರೂಪಿಸತೊಡಗಿದರು. ಪೈಥಾನ್‌ನಲ್ಲಿ ಬರೆದ ಇದು ನಿಯಮಗಳಿಂದ ತರ್ಕಿಸಿ, ಪರಸ್ಪರ ಹೊಂದದ ಉತ್ತರಗಳನ್ನು ಮೊದಲೇ ತಡೆಯುತ್ತಿತ್ತು. ವಿನ್ಯಾಸದ ದೃಷ್ಟಿಯಿಂದ ಇದು ಹಳೆಯದಕ್ಕಿಂತ ಬಹಳ ಮುಂದಿತ್ತು. 2001ರ ಮಾರ್ಚಿನಲ್ಲಿ ನಡೆದ ಕರ್ನೆಲ್ ಅಭಿವರ್ಧಕರ ಸಭೆಯಲ್ಲಿ ಚರ್ಚೆಯಾಗಿ, 2.5 ಸರಣಿಯಲ್ಲಿ ಸೇರುತ್ತದೆ ಎಂಬ ನಿರೀಕ್ಷೆಯೂ ಹುಟ್ಟಿತು. ನಿರ್ಮಾಣದ ಭಾಗಕ್ಕೆ ಆಸ್ಟ್ರೇಲಿಯಾದ ಕೀತ್ ಓವೆನ್ಸ್ ಪೂರ್ತಿ ಹೊಸ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿದರು.

ಎರಡೂ ಕರ್ನೆಲ್‌ಗೆ ಸೇರಲಿಲ್ಲ. ಕಾರಣಗಳು ಹಲವು. ಕರ್ನೆಲ್ ಕಟ್ಟಲು ಪೈಥಾನ್ ಕೂಡ ಬೇಕು ಎಂಬುದನ್ನು ಅನೇಕರು ಒಪ್ಪಲಿಲ್ಲ. ಸಣ್ಣ ಯಂತ್ರಗಳಲ್ಲಿ, ಹೊಸ ಬಗೆಯ ಸಂಸ್ಕಾರಕಗಳಲ್ಲಿ ಅದು ಇರಲಾರದು ಎಂಬುದು ಅವರ ವಾದ. ಅದಕ್ಕಿಂತ ದೊಡ್ಡ ಆಕ್ಷೇಪ, ಎಲ್ಲವನ್ನೂ ಒಂದೇ ಬಾರಿಗೆ ಬದಲಿಸಬೇಕಾಗುತ್ತದೆ ಎಂಬುದು. ಹಾಗೆ ಬದಲಿಸಿದ ಮೇಲೆ ಏನಾದರೂ ಕೆಟ್ಟರೆ ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕುವುದು ಕಷ್ಟ. 2002ರಲ್ಲಿ ರೇಮಂಡ್ ಆ ಪ್ರಯತ್ನವನ್ನು ಕೈಬಿಟ್ಟರು.

ಅದೇ ವರ್ಷ ಜರ್ಮನಿಯ ಇಬ್ಬರು ಬೇರೆ ಮಾರ್ಗ ಹಿಡಿದರು. ಕೈ ಗೆರ್ಮಾಶೆವ್‌ಸ್ಕಿ ಹಳೆಯ ನಿರ್ಮಾಣ ಕಡತಗಳನ್ನು ಕಿತ್ತೆಸೆಯದೆ ಒಂದೊಂದೇ ಸಣ್ಣ ತಿದ್ದುಪಡಿ ಕಳುಹಿಸುತ್ತಾ ಹೋದರು. ಪ್ರತಿ ತಿದ್ದುಪಡಿಯ ನಂತರವೂ ಕರ್ನೆಲ್ ಕಟ್ಟಲು ಬರುತ್ತಿತ್ತು. ರೋಮನ್ ಜಿಪ್ಪೆಲ್ ಸಿ ಭಾಷೆಯಲ್ಲಿ ಹೊಸ ಸಂರಚನಾ ಸಾಧನವೊಂದನ್ನು ಬರೆದರು. ಅದರ ಜೊತೆಗೆ ಹಳೆಯ ಭಾಷೆಯ ಕಡತಗಳನ್ನು ಹೊಸ ಭಾಷೆಗೆ ತಾನೇ ತಿರುಗಿಸುವ ಪರಿವರ್ತಕವನ್ನೂ ಕೊಟ್ಟರು. ನೂರಾರು ಡ್ರೈವರ್ ಲೇಖಕರು ತಮ್ಮ ಪ್ರಶ್ನೆಗಳನ್ನು ಮತ್ತೆ ಬರೆಯಬೇಕಾಗಿಲ್ಲ! 2002ರ ಅಕ್ಟೋಬರ್ ಕೊನೆಯಲ್ಲಿ 2.5.45 ಆವೃತ್ತಿಯಲ್ಲಿ ಈ ಸಾಧನ ಸೇರಿತು. ಇದೇ ಇಂದಿನ ‘ಕೆಕಾನ್ಫಿಗ್’. ಮುಂದಿನ ತಿಂಗಳು ರಸ್ಟಿ ರಸೆಲ್ ಅವರ ಹೊಸ ಮಾಡ್ಯೂಲ್ ಲೋಡರ್ ಕೂಡ ಸೇರಿತು. 2003ರ ಡಿಸೆಂಬರ್‌ನಲ್ಲಿ 2.6 ಆವೃತ್ತಿ ಬಂದಾಗ ಬಳಕೆದಾರರು ಇದನ್ನೆಲ್ಲ ಒಟ್ಟಿಗೆ ಕಂಡರು. ಮಾಡ್ಯೂಲ್ ಕಡತಗಳ ಹೆಸರಿನ ಕೊನೆಯಲ್ಲಿ ‘ಡಾಟ್ ಓ’ ಬದಲು ‘ಡಾಟ್ ಕೆಓ’ ಬಂದದ್ದೂ ಆಗಲೇ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹೆಚ್ಚು ಜಾಣತನದ ವಿನ್ಯಾಸ ಹಿಂದುಳಿಯಿತು. ಹಳೆಯದರಿಂದ ಹೊಸದಕ್ಕೆ ಹೋಗಲು ಸೇತುವೆ ಕಟ್ಟಿಕೊಟ್ಟ ವಿನ್ಯಾಸ ಉಳಿಯಿತು. ನೂರಾರು ಜನ ಒಟ್ಟಿಗೆ ಮಾಡುವ ಕೆಲಸದಲ್ಲಿ ಬದಲಾವಣೆಯ ದಾರಿಯೂ ವಿನ್ಯಾಸದ ಒಂದು ಭಾಗವೇ.

ಕೆಕಾನ್ಫಿಗ್ ಹೇಗೆ ಕೆಲಸ ಮಾಡುತ್ತದೆ?

ಕರ್ನೆಲ್‌ನ ಆಕರ ಸಂಕೇತದ ಬಹುತೇಕ ವಿಭಾಗಗಳಲ್ಲಿ ‘ಕೆಕಾನ್ಫಿಗ್’ ಎಂಬ ಕಡತ ಇರುತ್ತದೆ. ಆ ವಿಭಾಗದ ಪ್ರಶ್ನೆಗಳು, ಅವುಗಳ ಸಹಾಯ ಪಠ್ಯ, ನಿಯಮಗಳು ಅದರಲ್ಲಿರುತ್ತವೆ. ಪ್ರಶ್ನೆಗಳಲ್ಲಿ ಮುಖ್ಯವಾದವು ಎರಡು ಬಗೆ. ‘ಬೂಲ್’ ಆದರೆ ಹೌದು-ಇಲ್ಲ ಮಾತ್ರ. ‘ಟ್ರೈಸ್ಟೇಟ್’ ಆದರೆ ಮೂರೂ ಉತ್ತರ ಸಾಧ್ಯ. ‘ಡಿಪೆಂಡ್ಸ್ ಆನ್’ ಎಂಬ ನಿಯಮ, ಇಂಥದ್ದು ಇದ್ದರೆ ಮಾತ್ರ ಈ ಪ್ರಶ್ನೆ ಕೇಳು ಎನ್ನುತ್ತದೆ. ‘ಸೆಲೆಕ್ಟ್’ ಎಂಬುದು, ಇದನ್ನು ಆರಿಸಿದರೆ ಅದನ್ನೂ ಸೇರಿಸು ಎನ್ನುತ್ತದೆ. ಸೆಲೆಕ್ಟ್ ಬಳಸುವಾಗ ಎಚ್ಚರ ಬೇಕು. ಸೇರಿಸಲಾದ ಭಾಗಕ್ಕೆ ಏನೇನು ಬೇಕೆಂದು ಅದು ವಿಚಾರಿಸುವುದಿಲ್ಲ.

ಉತ್ತರಗಳು ನಿರ್ಮಾಣಕ್ಕೆ ತಲುಪುವ ದಾರಿ ಬಹಳ ಸರಳ. ಪ್ರತಿ ವಿಭಾಗದ ಮೇಕ್‌ಫೈಲ್‌ನಲ್ಲಿ ಎರಡು ಪಟ್ಟಿ ಇರುತ್ತವೆ: ‘ಆಬ್ಜ್-ವೈ’ ಮತ್ತು ‘ಆಬ್ಜ್-ಎಂ’. ಪ್ರಶ್ನೆಗೆ ಕೊಟ್ಟ ಅಕ್ಷರವೇ ಪಟ್ಟಿಯ ಹೆಸರಿನ ಬಾಲವಾಗುತ್ತದೆ. ‘ವೈ’ ಎಂದರೆ ಕಡತ ಮೊದಲ ಪಟ್ಟಿಗೆ ಹೋಗಿ ಕರ್ನೆಲ್‌ನಲ್ಲಿ ಬೆರೆಯುತ್ತದೆ. ‘ಎಂ’ ಎಂದರೆ ಎರಡನೆಯ ಪಟ್ಟಿಗೆ ಹೋಗಿ ಮಾಡ್ಯೂಲ್ ಆಗುತ್ತದೆ. ಉತ್ತರ ‘ಇಲ್ಲ’ ಎಂದಾದರೆ ಯಾರೂ ಓದದ ಪಟ್ಟಿಗೆ ಬೀಳುತ್ತದೆ.

ಇದಕ್ಕೆ ಬೆಂಗಳೂರಿನ ನಂಟಿರುವ ಉದಾಹರಣೆ ‘ಕೆಪ್ರೋಬ್ಸ್’. ಓಡುತ್ತಿರುವ ಕರ್ನೆಲ್‌ನ ಯಾವುದೇ ಬಿಂದುವಿನಲ್ಲಿ ತಾತ್ಕಾಲಿಕ ತಡೆಯನ್ನಿಟ್ಟು ಅಲ್ಲಿ ಏನಾಗುತ್ತಿದೆ ಎಂದು ನೋಡುವ ಸೌಲಭ್ಯ ಇದು. ವೈದ್ಯರು ಸ್ಟೆತೊಸ್ಕೋಪ್ ಇಟ್ಟು ಆಲಿಸಿದ ಹಾಗೆ. 2004ರ 2.6.9 ಆವೃತ್ತಿಯಲ್ಲಿ ಕರ್ನೆಲ್‌ಗೆ ಸೇರಿದ ಇದರ ಹಿಂದೆ ಐ.ಬಿ.ಎಂ. ಸಂಸ್ಥೆಯ ಬೆಂಗಳೂರು ಲಿನಕ್ಸ್ ಕೇಂದ್ರದ ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಮೊದಲಾದವರ ದುಡಿಮೆ ಇದೆ. ತಡೆಯ ಬಿಂದುವನ್ನು ಇಡುವ ಸಂಕೇತವನ್ನು ಸಾಮಾನ್ಯವಾಗಿ ಒಂದು ಪುಟ್ಟ ಮಾಡ್ಯೂಲ್ ಆಗಿ ಬರೆದು ಸೇರಿಸುತ್ತಿದ್ದರು. ಇದರ ಕೆಕಾನ್ಫಿಗ್ ನಮೂದಿನಲ್ಲಿ ಬಹುಕಾಲ ‘ಮಾಡ್ಯೂಲ್ ಸೌಲಭ್ಯವನ್ನು ಅವಲಂಬಿಸಿದೆ’ ಎಂಬ ಸಾಲು ಇತ್ತು. ಮಾಡ್ಯೂಲ್‌ಗಳಿಗೆಂದು ಮೆಮೊರಿ ಒದಗಿಸುವ ಸಂಕೇತವನ್ನೇ ಕೆಪ್ರೋಬ್ಸ್ ಕೂಡ ಬಳಸುತ್ತಿದ್ದುದು ಇದಕ್ಕೆ ಕಾರಣ. 2024ರ 6.10 ಆವೃತ್ತಿಯಲ್ಲಿ ಆ ಸಂಕೇತವನ್ನು ಬೇರ್ಪಡಿಸಿದ ಮೇಲೆ ಆ ಸಾಲನ್ನು ತೆಗೆಯಲಾಯಿತು. ಸಂರಚನೆಯ ಒಂದೊಂದು ಸಾಲಿನ ಹಿಂದೆಯೂ ಹೀಗೆ ಒಂದು ಕಾರಣ, ಒಂದು ಇತಿಹಾಸ ಇರುತ್ತದೆ.

ಹೊರಗಿನ ಮಾಡ್ಯೂಲ್‌ನ ತೊಡಕು

ಕರ್ನೆಲ್‌ನ ಆಕರ ಸಂಕೇತದಲ್ಲಿ ಇಲ್ಲದ ಡ್ರೈವರ್‌ಗಳೂ ಇವೆ. ಇವನ್ನು ಬೇರೆಯಾಗಿ ಕಟ್ಟುವಾಗಲೂ ಕರ್ನೆಲ್‌ನ ನಿರ್ಮಾಣ ವ್ಯವಸ್ಥೆಯನ್ನೇ ಬಳಸಬೇಕು. ಏಕೆಂದರೆ ಮಾಡ್ಯೂಲ್ ಮತ್ತು ಕರ್ನೆಲ್ ಒಂದೇ ಸಂರಚನೆಯಿಂದ ಬಂದಿರಬೇಕು. ಇಲ್ಲದಿದ್ದರೆ ದತ್ತಾಂಶ ರಚನೆಗಳ ಅಳತೆ ಹೊಂದದೆ ಯಂತ್ರವೇ ಸ್ಥಗಿತಗೊಳ್ಳಬಹುದು. ಇದನ್ನು ತಡೆಯಲು ಪ್ರತಿ ಮಾಡ್ಯೂಲ್‌ನಲ್ಲಿ ‘ವರ್‌ಮ್ಯಾಜಿಕ್’ ಎಂಬ ಗುರುತು ಇರುತ್ತದೆ. ಕರ್ನೆಲ್‌ನ ಆವೃತ್ತಿ ಮತ್ತು ಕೆಲವು ಮುಖ್ಯ ಆಯ್ಕೆಗಳು ಅದರಲ್ಲಿ ದಾಖಲಾಗಿರುತ್ತವೆ. ಗುರುತು ಹೊಂದದಿದ್ದರೆ ಕರ್ನೆಲ್ ಆ ಮಾಡ್ಯೂಲ್ ಅನ್ನು ಒಳಗೆ ಬಿಡುವುದಿಲ್ಲ. ಕರ್ನೆಲ್ ಅನ್ನು ನವೀಕರಿಸಿದ ಮರುದಿನ ವೈಫೈ ನಿಂತುಹೋಯಿತು ಎಂಬ ದೂರಿಗೆ ಅನೇಕ ಸಲ ಇದೇ ಕಾರಣ. ಡೆಲ್ ಕಂಪನಿ 2003ರಲ್ಲಿ ಹೊರತಂದ ‘ಡಿ.ಕೆ.ಎಂ.ಎಸ್.’ ಸಾಧನ, ಕರ್ನೆಲ್ ಬದಲಾದಾಗಲೆಲ್ಲ ಇಂಥ ಮಾಡ್ಯೂಲ್‌ಗಳನ್ನು ತಾನಾಗಿ ಮತ್ತೆ ಕಟ್ಟುತ್ತದೆ.

ಕಾಡಿನಾಚೆಯ ಶಾಲೆಗಳು

ಇದರಿಂದ ಶಾಲೆಗಳಿಗೆ ಏನು ಪ್ರಯೋಜನವಾಯಿತು? ಗುಂಡ್ಲುಪೇಟೆಯಿಂದ ಕಾಡಿನ ಹಾದಿ ಹಿಡಿದು ಗಡಿ ದಾಟಿದರೆ ಕೇರಳದ ವಯನಾಡು. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ ಆ ದಶಕದ ಉತ್ತರಾರ್ಧದಲ್ಲಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. ಶಾಲೆಗಳಿಗೆಂದೇ ಹೊಂದಿಸಿದ ಲಿನಕ್ಸ್ ವಿತರಣೆ ತಯಾರಾಯಿತು. 2017ರಲ್ಲಿ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾದ ಮೇಲೂ ಆ ಕೆಲಸ ಮುಂದುವರಿಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅಲ್ಲಿಯ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳು ಕನ್ನಡದಲ್ಲೂ ಬಂದವು. ಲಿನಕ್ಸ್ ಅನ್ನು ಪಠ್ಯಪುಸ್ತಕದ ಮೂಲಕ ಕನ್ನಡದಲ್ಲಿ ಕಲಿತ ಮಕ್ಕಳು ಅವರು.

ಕರ್ನಾಟಕದಲ್ಲಿ 2011ರ ಸುಮಾರಿಗೆ ಪ್ರೌಢಶಾಲಾ ಶಿಕ್ಷಕರ ‘ವಿಷಯ ಶಿಕ್ಷಕರ ವೇದಿಕೆ’ ತರಬೇತಿಗಳಲ್ಲಿ ಉಬುಂಟು ಲಿನಕ್ಸ್ ಮತ್ತು ಮುಕ್ತ ಶೈಕ್ಷಣಿಕ ತಂತ್ರಾಂಶಗಳನ್ನು ಬಳಸಲಾಯಿತು. ಗಣಿತದ ಶಿಕ್ಷಕರು ಜಿಯೊಜಿಬ್ರಾ ಕಲಿತದ್ದು ಇಂಥ ತರಬೇತಿಗಳಲ್ಲಿ. ಎರಡೂ ರಾಜ್ಯಗಳಲ್ಲಿ ಒಂದೇ ತಂತ್ರಾಂಶ ನಾನಾ ಬಗೆಯ ಯಂತ್ರಗಳಲ್ಲಿ ನಡೆದದ್ದು ಆ ‘ಎಂ’ ಎಂಬ ಮೂರನೆಯ ಉತ್ತರದಿಂದ.

ಭಾಷೆಯ ವಿಚಾರದಲ್ಲಿ ಒಂದು ಕೊರತೆ ಉಳಿದಿದೆ. ಕೆಕಾನ್ಫಿಗ್‌ನ ಪ್ರಶ್ನೆಗಳನ್ನು ಬೇರೆ ಭಾಷೆಗಳಿಗೆ ಅನುವಾದಿಸಲು ಬೇಕಾದ ಏರ್ಪಾಡನ್ನು 2005ರಲ್ಲಿ ಸೇರಿಸಲಾಗಿತ್ತು. ಬಳಕೆ ಕಾಣದ್ದರಿಂದ 2018ರಲ್ಲಿ ಅದನ್ನು ತೆಗೆದುಹಾಕಲಾಯಿತು. ಹೀಗಾಗಿ ಹತ್ತು ಸಾವಿರಕ್ಕೂ ಹೆಚ್ಚು ಆಯ್ಕೆಗಳ ವಿವರಣೆ ಇಂಗ್ಲಿಷಿನಲ್ಲೇ ಇದೆ. ಕನ್ನಡದಲ್ಲಿ ಓದಬೇಕೆಂದರೆ ನಾವೇ ಟಿಪ್ಪಣಿ ಬರೆದುಕೊಳ್ಳಬೇಕು. ಶಾಲಾ ಗಣಕಗಳಿಗೆ ಸಂಬಂಧಿಸಿದ ಐವತ್ತು ಆಯ್ಕೆಗಳಿಗಾದರೂ ಅಂಥ ಟಿಪ್ಪಣಿ ಸಿದ್ಧವಾದರೆ ಉಪಕಾರ.

ಹಳೆಯ ಯಂತ್ರದ ಭವಿಷ್ಯ

‘ಇಲ್ಲ’ ಎಂಬ ಉತ್ತರ ಮೇಲಿನಿಂದಲೂ ಬರುತ್ತದೆ. ಲಿನಕ್ಸ್ ಹುಟ್ಟಿದ್ದೇ 386 ಸಂಸ್ಕಾರಕದ ಮೇಲೆ. ಆದರೆ 2013ರ ಫೆಬ್ರುವರಿಯಲ್ಲಿ ಬಂದ 3.8 ಆವೃತ್ತಿಯಲ್ಲಿ ಅದರ ಬೆಂಬಲವನ್ನು ತೆಗೆಯಲಾಯಿತು. ವಿತರಕರು ಇನ್ನೂ ಬೇಗ ಕೈಬಿಡುತ್ತಾರೆ. 2019ರ ವೇಳೆಗೆ ಉಬುಂಟು 32 ಬಿಟ್ ಪಿ.ಸಿ.ಗಳ ಸ್ಥಾಪನಾ ಆವೃತ್ತಿಯನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಯಂತ್ರಗಳಿಗೆ ಸ್ಥಾಪಕವೂ ಇಲ್ಲ, ಕರ್ನೆಲ್ಲೂ ಇಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಕೊಂಡ ಅನೇಕ ಯಂತ್ರಗಳು ಈ ವರ್ಗಕ್ಕೆ ಸೇರುತ್ತವೆ.

ಆದರೆ ವಿತರಕರು ‘ಇಲ್ಲ’ ಎಂದರೂ ಕರ್ನೆಲ್‌ನ ಆಕರ ಸಂಕೇತದಲ್ಲಿ 32 ಬಿಟ್ ಪೆಂಟಿಯಂ ಯಂತ್ರಗಳ ಆಯ್ಕೆ ಇನ್ನೂ ಉಳಿದಿದೆ. ಯಂತ್ರಾಂಶ ಸರಿಯಿದ್ದರೆ ಆ ಪ್ರಶ್ನೆಗೆ ಶಾಲೆಯವರೇ ‘ಹೌದು’ ಎನ್ನಬಹುದು. ಇದಕ್ಕೆ ನೆರವಾಗುವ ಸಾಧನವನ್ನು ಸ್ಟೀವನ್ ರೋಸ್ಟೆಡ್ 2009ರ 2.6.32 ಆವೃತ್ತಿಯಲ್ಲಿ ಸೇರಿಸಿದರು. ಅದರ ಹೆಸರು ‘ಲೋಕಲ್‌ಮಾಡ್‌ಕಾನ್ಫಿಗ್’. ಆ ಕ್ಷಣದಲ್ಲಿ ಯಂತ್ರದ ಮೆಮೊರಿಯಲ್ಲಿರುವ ಮಾಡ್ಯೂಲ್‌ಗಳ ಪಟ್ಟಿ ನೋಡಿ, ಉಳಿದ ಮಾಡ್ಯೂಲ್‌ಗಳನ್ನು ಅದು ಕೈಬಿಡುತ್ತದೆ. ಗಂಟೆಗಟ್ಟಲೆ ಹಿಡಿಯುವ ನಿರ್ಮಾಣ ಬಹಳಷ್ಟು ಕಡಿಮೆಯಾಗುತ್ತದೆ.

ಪ್ರಯೋಗ ಮಾಡುವವರು ಮೂರು ವಿಷಯ ನೆನಪಿಡಬೇಕು. ಮೊದಲನೆಯದು, ಪ್ರಿಂಟರ್, ಪೆನ್‌ಡ್ರೈವ್, ವೆಬ್ ಕ್ಯಾಮೆರಾ ಮೊದಲಾಗಿ ಮುಂದೆ ಬೇಕಾಗುವ ಎಲ್ಲ ಸಾಧನಗಳನ್ನೂ ಒಮ್ಮೆ ಜೋಡಿಸಿ ಬಳಸಿದ ನಂತರವೇ ಆ ಆದೇಶ ನೀಡಬೇಕು. ಆಗ ಜೋಡಿಸಿರದ ಸಾಧನದ ಡ್ರೈವರ್ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಎರಡನೆಯದು, ಹಳೆಯ ಕರ್ನೆಲ್ ಅನ್ನು ಅಳಿಸಬಾರದು. ಹೊಸದು ಕೈಕೊಟ್ಟರೆ ಆರಂಭದ ಪಟ್ಟಿಯಿಂದ ಹಳೆಯದನ್ನೇ ಆರಿಸಿಕೊಳ್ಳಬಹುದು. ಮೂರನೆಯದು, ನಿಧಾನದ ಯಂತ್ರದಲ್ಲಿ ಕಂಪೈಲ್ ಮಾಡದೆ, ಅದರ ಮಾಡ್ಯೂಲ್ ಪಟ್ಟಿಯನ್ನು ಕಡತದಲ್ಲಿ ತಂದು ವೇಗದ ಯಂತ್ರದಲ್ಲಿ ಕಟ್ಟಬಹುದು.

ಕಂಪೈಲ್ ಮಾಡುವಷ್ಟು ದೂರ ಹೋಗದೆಯೂ ವಿದ್ಯಾರ್ಥಿಗಳಿಗೆ ಒಂದು ಚಟುವಟಿಕೆ ಕೊಡಬಹುದು. ಪ್ರಯೋಗಾಲಯದ ಪ್ರತಿ ಲಿನಕ್ಸ್ ಯಂತ್ರದಲ್ಲೂ ‘ಎಲ್‌ಎಸ್‌ಮಾಡ್’ ಆದೇಶ ನೀಡಿ ಬಂದ ಪಟ್ಟಿಯನ್ನು ಬರೆದುಕೊಳ್ಳಲಿ. ಯಾವ ಮಾಡ್ಯೂಲ್ ಎಲ್ಲದರಲ್ಲೂ ಇದೆ, ಯಾವುದು ಒಂದರಲ್ಲಿ ಮಾತ್ರ ಇದೆ, ಅದು ಯಾವ ಸಾಧನದ್ದು ಎಂದು ಹುಡುಕಲಿ. ಗುಂಡ್ಲುಪೇಟೆಯ ಶಾಲೆಯೊಂದು ತನ್ನ ಪಟ್ಟಿಯನ್ನು ಚಾಮರಾಜನಗರದ ಶಾಲೆಯ ಪಟ್ಟಿಯೊಂದಿಗೆ ಹೋಲಿಸಿದರೆ ಇನ್ನೂ ಚೆನ್ನ. ಬೂಟ್ ಕಡತಕೋಶದಲ್ಲಿರುವ ಕಾನ್ಫಿಗ್ ಕಡತವನ್ನು ತೆರೆದು ಆ ಮಾಡ್ಯೂಲ್‌ಗಳ ಎದುರಿಗೆ ಯಾವ ಅಕ್ಷರ ಇದೆ ಎಂದು ನೋಡಿದರೆ, ತಮ್ಮ ಯಂತ್ರದ ಪರವಾಗಿ ದೂರದಲ್ಲಿ ಯಾರೋ ಕೊಟ್ಟ ಉತ್ತರಗಳು ಅವರ ಕಣ್ಣಿಗೆ ಬೀಳುತ್ತವೆ. ಮುಂದಿನ ಸಲ ಆ ಉತ್ತರಗಳನ್ನು ತಾವೇ ಕೊಡುವ ಧೈರ್ಯ ಅವರಲ್ಲಿ ಕೆಲವರಿಗಾದರೂ ಬಂದೀತು.